ಮೈದಾನಕ್ಕೆ ಹಾಕಿದ ಬೀಗ

1921ರ ಡಿಸೆಂಬರ್ 5ರಂದು ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ ಒಂದು ಠರಾವು ಮಾಡಿತು. ಫುಟ್‌ಬಾಲ್ ಹೆಂಗಸರಿಗೆ ಒಗ್ಗುವ ಆಟವಲ್ಲ, ಅದಕ್ಕೆ ಉತ್ತೇಜನ ಕೊಡಬಾರದು ಎಂಬುದು ಅದರ ಸಾರ. ಇಷ್ಟೇ ಆಗಿದ್ದರೆ ನಾಲ್ಕು ಜನ ಗಂಡಸರ ಅಭಿಪ್ರಾಯವೆಂದು ಬಿಟ್ಟುಬಿಡಬಹುದಿತ್ತು. ಆದರೆ ಠರಾವಿನ ಬಾಲದಲ್ಲಿ ಒಂದು ಕೊಕ್ಕೆಯಿತ್ತು. ಅಸೋಸಿಯೇಷನ್ನಿಗೆ ಸೇರಿದ ಯಾವ ಕ್ಲಬ್ಬೂ ತನ್ನ ಮೈದಾನವನ್ನು ಹೆಂಗಸರ ಪಂದ್ಯಕ್ಕೆ ಕೊಡಕೂಡದು ಎಂದು ಅದು ತಾಕೀತು ಮಾಡಿತು. ಯಾರ ಕೈಯಿಂದಲೂ ಚೆಂಡು ಕಿತ್ತುಕೊಳ್ಳಲಿಲ್ಲ, ಯಾರನ್ನೂ ಜೈಲಿಗೆ ಹಾಕಲಿಲ್ಲ. ಆಡುವ ಜಾಗಕ್ಕೆ ಬೀಗ ಹಾಕಿದರು. ಆ ಬೀಗ ತೆಗೆಯಲು ಸುಮಾರು ಐವತ್ತು ವರ್ಷ ಹಿಡಿಯಿತು.

ಬೀಗ ಹಾಕುವಂಥದ್ದು ಏನಾಗಿತ್ತು ಎಂದು ಕೇಳಬಹುದು. ಮೊದಲ ಮಹಾಯುದ್ಧಕ್ಕೆ ಗಂಡಸರು ಹೋದಾಗ ಅವರು ಬಿಟ್ಟುಹೋದ ಕಾರ್ಖಾನೆಗಳಿಗೆ ಹೆಂಗಸರು ಬಂದರು. ಪ್ರೆಸ್ಟನ್ ಎಂಬ ಊರಿನಲ್ಲಿ ಡಿಕ್, ಕೆರ್ ಎಂಬ ಕಂಪೆನಿಯಿತ್ತು. ಟ್ರಾಮುಗಾಡಿ, ರೈಲಿನ ಸಾಮಾನು ಮಾಡುತ್ತಿದ್ದ ಅದು ಯುದ್ಧ ಬಂದ ಮೇಲೆ ಮದ್ದುಗುಂಡು ಮಾಡತೊಡಗಿತು. ಅಲ್ಲಿನ ಕೆಲಸದ ಹುಡುಗಿಯರು ಬಿಡುವಿನಲ್ಲಿ ಕಾರ್ಖಾನೆಯ ಅಂಗಳದಲ್ಲಿ ಚೆಂಡು ಒದೆಯುತ್ತಿದ್ದರು. 1917ರ ಕ್ರಿಸ್‌ಮಸ್ ದಿನ ಗಾಯಾಳು ಸೈನಿಕರ ಆಸ್ಪತ್ರೆಗೆ ಹಣ ಕೂಡಿಸಲೆಂದು ಊರಿನ ಡೀಪ್‌ಡೇಲ್ ಮೈದಾನದಲ್ಲಿ ಒಂದು ಪಂದ್ಯವಾಡಿದರು. ಹತ್ತು ಸಾವಿರ ಜನ ಸೇರಿದರು. ಅಲ್ಲಿಂದ ಮುಂದೆ ಅವರಿಗೆ ಊರೂರಿಂದ ಕರೆ. 1920ರ ಡಿಸೆಂಬರ್ 26ರಂದು ಲಿವರ್‌ಪೂಲಿನ ಗುಡಿಸನ್ ಪಾರ್ಕಿನಲ್ಲಿ ಅವರು ಸೇಂಟ್ ಹೆಲೆನ್ಸ್ ಹೆಂಗಸರ ತಂಡದ ಎದುರು ಆಡಿದಾಗ ಒಳಗೆ 53 ಸಾವಿರ ಜನರಿದ್ದರು, ಜಾಗ ಸಿಗದೆ ಹೊರಗೆ ಉಳಿದವರೂ ಸಾವಿರಗಟ್ಟಲೆ. ಸಂಗ್ರಹವಾದ ಮೂರು ಸಾವಿರಕ್ಕೂ ಹೆಚ್ಚು ಪೌಂಡ್ ಧರ್ಮಕಾರ್ಯಕ್ಕೆ ಹೋಯಿತು. ಠರಾವು ಬಂದದ್ದು ಇದಾಗಿ ಒಂದು ವರ್ಷ ತುಂಬುವ ಮೊದಲು.

ಗಂಡಸರ ಪಂದ್ಯದ ಗಲ್ಲಾಪೆಟ್ಟಿಗೆಗೆ ಪೆಟ್ಟು ಬಿತ್ತೆಂಬ ಹೆದರಿಕೆ ಒಂದು ಕಡೆ. 1921ರಲ್ಲಿ ಗಣಿ ಮಾಲೀಕರು ಕಾರ್ಮಿಕರನ್ನು ಹೊರಗೆ ನಿಲ್ಲಿಸಿದಾಗ ಈ ಹುಡುಗಿಯರು ಗಣಿ ಕಾರ್ಮಿಕರ ಹಸಿದ ಮಕ್ಕಳಿಗಾಗಿಯೂ ಆಡಿದ್ದರು. ದೊಡ್ಡವರ ಕಣ್ಣು ಕೆಂಪಾಗಿದ್ದು ಅದಕ್ಕೇ ಎನ್ನುವ ಇತಿಹಾಸಕಾರರೂ ಇದ್ದಾರೆ. ಎರಡೂ ನಿಜವಿರಬಹುದು. ಅಸೋಸಿಯೇಷನ್ ಮಾತ್ರ ಸಂಗ್ರಹವಾದ ಹಣದಲ್ಲಿ ಖರ್ಚಿಗೆ ಹೆಚ್ಚು ಹೋಗುತ್ತಿದೆ ಎಂದು ತಗಾದೆ ತೆಗೆಯಿತು. ಸೈನಿಕರ ಆಸ್ಪತ್ರೆಗೆ ಹಣ ಬರುತ್ತಿದ್ದಾಗ ಯಾರಿಗೂ ಬಾರದ ಲೆಕ್ಕದ ಚಿಂತೆ ಆಮೇಲೆ ಹೇಗೆ ಬಂತೋ!

ಆ ತಂಡದಲ್ಲಿ ಲಿಲಿ ಪಾರ್ ಎಂಬ ಹುಡುಗಿಯಿದ್ದಳು. ಹದಿಹರೆಯದಲ್ಲೇ ಬಂದು ಸೇರಿದವಳು, ಎಡಗಾಲಿನ ಹೊಡೆತಕ್ಕೆ ಹೆಸರಾದವಳು. ಮುಂದೆ ಮಾನಸಿಕ ರೋಗಿಗಳ ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿಯುತ್ತಲೇ ಆಡುತ್ತಿದ್ದಳು. ಬೀಗ ಬಿದ್ದ ಮೇಲೂ ತಂಡ ಮುರಿಯಲಿಲ್ಲ. ಹೊಲಗದ್ದೆಯ ಬಯಲು, ಪಾರ್ಕು, ಸಿಕ್ಕ ಕಡೆ ಆಡಿದರು. 1922ರಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿನ ಗಂಡಸರ ತಂಡಗಳ ಎದುರು ಆಡಿ ಬಂದರು. ಆ ತಂಡ ವಿಸರ್ಜನೆಯಾದದ್ದು 1965ರಲ್ಲಿ. ಇಂಗ್ಲೆಂಡಿನ ರಾಷ್ಟ್ರೀಯ ಫುಟ್‌ಬಾಲ್ ಮ್ಯೂಸಿಯಂ ತನ್ನ ಗೌರವ ಪಟ್ಟಿಗೆ ಲಿಲಿಯನ್ನು ಸೇರಿಸಿದ್ದು 2002ರಲ್ಲಿ. ಅಷ್ಟು ಹೊತ್ತಿಗೆ ಆಕೆ ತೀರಿಕೊಂಡು ಇಪ್ಪತ್ತನಾಲ್ಕು ವರ್ಷ ಕಳೆದಿತ್ತು.

ಹಾಗೆ ನೋಡಿದರೆ ಇದು ಇಂಗ್ಲೆಂಡಿನ ಒಂದೇ ಕತೆಯಲ್ಲ. ಬ್ರೆಜಿಲ್ ಎಂದರೆ ಫುಟ್‌ಬಾಲಿನ ತವರು ಎಂದು ನಾವೆಲ್ಲ ಕೇಳಿ ಬೆಳೆದವರು. ಆ ದೇಶದಲ್ಲಿ 1941ರಿಂದ 1979ರವರೆಗೆ ಹೆಂಗಸರು ಫುಟ್‌ಬಾಲ್ ಆಡುವುದಕ್ಕೆ ಸರಕಾರದ ನಿಷೇಧವಿತ್ತು. ಪಶ್ಚಿಮ ಜರ್ಮನಿಯ ಸಂಘ 1955ರಲ್ಲಿ ಬಾಗಿಲು ಮುಚ್ಚಿ 1970ರಲ್ಲಿ ತೆರೆಯಿತು. ಆದರೂ 1971ರಲ್ಲಿ ಮೆಕ್ಸಿಕೋ ನಗರದಲ್ಲಿ ಯಾವ ಅಧಿಕೃತ ಸಂಸ್ಥೆಯ ಹಂಗೂ ಇಲ್ಲದೆ ಹೆಂಗಸರ ವಿಶ್ವಕಪ್ ನಡೆದಾಗ ಡೆನ್ಮಾರ್ಕ್ ಮತ್ತು ಮೆಕ್ಸಿಕೋ ನಡುವಿನ ಫೈನಲ್ ನೋಡಲು ಲಕ್ಷಕ್ಕೂ ಮೀರಿ ಜನ ಬಂದಿದ್ದರು. ಫಿಫಾ ತನ್ನದೇ ಮೊದಲ ಹೆಂಗಸರ ವಿಶ್ವಕಪ್ ನಡೆಸಲು 1991ರವರೆಗೆ ಕಾಯಿತು. ಅದೂ 90 ನಿಮಿಷದ ಆಟವನ್ನು 80 ನಿಮಿಷಕ್ಕೆ ಇಳಿಸಿ! ಹತ್ತು ನಿಮಿಷ ಹೆಚ್ಚು ಓಡಿದರೆ ಹೆಂಗಸರಿಗೆ ಏನಾಗುತ್ತದೆ ಎಂದುಕೊಂಡಿದ್ದರೋ. ಬೆಳಗ್ಗೆ ಐದಕ್ಕೆ ಎದ್ದು ರಾತ್ರಿ ಹತ್ತಕ್ಕೆ ಪಾತ್ರೆ ಮಗುಚುವ ನಮ್ಮ ಮನೆಗಳ ಹೆಂಗಸರನ್ನು ಅವರು ನೋಡಿರಲಿಕ್ಕಿಲ್ಲ.

ಇಷ್ಟು ದೂರದ ಕತೆಯನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ನಾವಿರುವುದು ಹೆಗ್ಗಡದೇವನಕೋಟೆ ತಾಲೂಕಿನ ಹ್ಯಾಂಡ್‌ಪೋಸ್ಟಿನಲ್ಲಿ. ಶುದ್ಧ ಕನ್ನಡದಲ್ಲಿ ಹೇಳಿದರೆ ಕೈಮರ. ದಾರಿ ಕವಲೊಡೆಯುವಲ್ಲಿ ನಿಂತು ಊರುಗಳ ಕಡೆ ಕೈ ತೋರಿಸುವ ಕಂಬ. ಮೈಸೂರಿನಿಂದ ಮಾನಂದವಾಡಿಗೆ ಹೋಗುವ ದಾರಿ ನಮ್ಮದು. ಶುಂಠಿ ಬೆಳೆಯಲು ಘಟ್ಟದ ಕೆಳಗಿನಿಂದ ಬರುವ ಮಲೆಯಾಳಿಗಳು, ಕೂಲಿಗೆ ಕೇರಳದ ಕಡೆ ಹೋಗುವ ನಮ್ಮವರು ಎಲ್ಲರೂ ಹಾದುಹೋಗುವ ಜಾಗ. ಇಲ್ಲಿ ಹುಡುಗರು ಆಡದ ಆಟವಿಲ್ಲ. ಹುಡುಗಿಯರ ಪಾಲಿಗೆ ಶಾಲೆಯಲ್ಲಿ ಖೋಖೋ, ಥ್ರೋಬಾಲ್, ಅಪರೂಪಕ್ಕೆ ಕಬಡ್ಡಿ. ಅದೂ ಏಳನೆಯ ತರಗತಿಯವರೆಗೆ. ಆಮೇಲೆ ಆಟದ ಪೀರಿಯಡ್ಡಿನಲ್ಲಿ ಅವರು ಮರದ ಕೆಳಗೆ ಕೂತು ಹೋಂವರ್ಕ್ ಬರೆಯುತ್ತಾರೆ.

ನಾವು ಓದಿದ ಉರ್ದು ಶಾಲೆಯಲ್ಲಿ ಒಂದು ಗಾದೆಯನ್ನು ಉಸ್ತಾದರು ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದರು. ಓದಿ ಬರೆದವನು ನವಾಬನಾಗುತ್ತಾನೆ, ಆಡಿ ಕುಣಿದವನು ಕೆಟ್ಟುಹೋಗುತ್ತಾನೆ ಎಂಬರ್ಥದ್ದು. ಹುಡುಗರ ಕಡೆ ನೋಡಿ ಹೇಳುತ್ತಿದ್ದ ಮಾತು ಅದು. ನಮ್ಮ ಸಾಲಿನವರಿಗೆ ನವಾಬರಾಗುವ ದಾರಿಯೂ ಇರಲಿಲ್ಲ, ಕೆಡುವ ದಾರಿಯೂ ಇರಲಿಲ್ಲ. ಆಡಬೇಡಿ ಎಂದು ನಮಗೆ ಯಾರೂ ಹೇಳಲೇ ಇಲ್ಲ. ಒಂದು ವಯಸ್ಸಾದ ಮೇಲೆ ಮೈದಾನದ ಮೇಲೆ ಹಾದು ಬರುವುದು ಬೇಡ, ಸುತ್ತು ದಾರಿಯಲ್ಲಿ ಬಾ ಎಂದರು, ಅಷ್ಟೆ. ಪ್ರೆಸ್ಟನ್ನಿನ ಹುಡುಗಿಯರ ಕತೆ ಓದಿದಾಗ ನಮಗೆ ಮೊದಲು ನೆನಪಾದದ್ದು ಆ ಸುತ್ತು ದಾರಿ.

ನಮ್ಮ ರಾಜ್ಯಕ್ಕೆ ಫುಟ್‌ಬಾಲಿನ ದೊಡ್ಡ ಪರಂಪರೆಯೇ ಇದೆ. ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲಿ ಕಲ್ಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡವನ್ನು ಸೋಲಿಸಿ ಮುಂಬೈಯ ರೋವರ್ಸ್ ಕಪ್ ಗೆದ್ದಿತು. ಅಲ್ಲಿಯವರೆಗೆ ಆ ಕಪ್ಪು ಬ್ರಿಟಿಷ್ ಪಲ್ಟನ್ನುಗಳ ಸ್ವತ್ತು. ಮರುವರ್ಷವೂ ಗೆದ್ದರು, 1948ರಲ್ಲಿ ಮತ್ತೆ ಗೆದ್ದರು. ಅದೇ 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ಎದುರು ಭಾರತ 1-2ರಲ್ಲಿ ಸೋತಾಗ ನಮ್ಮ ಕಡೆಯ ಆ ಒಂದು ಗೋಲು ಹೊಡೆದದ್ದು ಮೈಸೂರು ಸಂಸ್ಥಾನದ ಸಾರಂಗಪಾಣಿ ರಾಮನ್. ಸಂತೋಷ್ ಟ್ರೋಫಿಯನ್ನು ಮೈಸೂರು ತಂಡ ನಾಲ್ಕು ಸಲ ತಂದಿತು, ಕೊನೆಯದು 1968-69ರಲ್ಲಿ. 54 ವರ್ಷಗಳ ನಂತರ, 2023ರ ಮಾರ್ಚ್ 4ರಂದು, ಸೌದಿ ಅರೇಬಿಯದ ರಿಯಾದಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಮತ್ತೆ ಅದನ್ನು ಗೆದ್ದಿತು. ನಮ್ಮ ಮೊಹಲ್ಲಾಗಳ ಹಿರಿಯರಿಗೆ ಹಳೆಯ ಆಟಗಾರರ ಹೆಸರು, ಅವರ ಒದೆತದ ವರಸೆ ಎಲ್ಲ ಬಾಯಿಪಾಠ. ಈ ಚರಿತ್ರೆಯಲ್ಲಿ ಹೆಂಗಸರಿದ್ದಾರೆಯೇ ಎಂದು ಕೇಳಿದರೆ ಮಾತ್ರ ಅವರು ಚಹಾದ ಲೋಟದ ಕಡೆ ನೋಡುತ್ತಾರೆ.

ಇದ್ದಾರೆ. 1975ರಲ್ಲಿ ಭಾರತದ ಹೆಂಗಸರ ಫುಟ್‌ಬಾಲಿಗೆಂದೇ ಪ್ರತ್ಯೇಕ ಫೆಡರೇಷನ್ ಹುಟ್ಟಿತು. ಗಂಡಸರ ಸಂಸ್ಥೆ ಇವರನ್ನು ಸೇರಿಸಿಕೊಂಡಿರಲಿಲ್ಲ, ಹಾಗಾಗಿ ಬೇರೆ ಒಲೆ ಹೂಡಿದರು. 1980ರಲ್ಲಿ ಕಲ್ಲಿಕೋಟೆಯಲ್ಲಿ ಏಷ್ಯಾದ ಹೆಂಗಸರ ಚಾಂಪಿಯನ್‌ಷಿಪ್ ನಡೆಯಿತು; ನಮ್ಮ ದೇಶ ಎರಡನೆಯ ಸ್ಥಾನ ಪಡೆಯಿತು. 1983ರಲ್ಲಿ ಥಾಯ್ಲೆಂಡಿನಲ್ಲಿ ಮತ್ತೆ ಎರಡನೆಯ ಸ್ಥಾನ. ಗಂಡಸರ ತಂಡ ಏಷ್ಯಾ ಮಟ್ಟದಲ್ಲಿ ಹಿಂದೆ ಬಿದ್ದಿದ್ದ ಕಾಲದಲ್ಲಿ ಈ ಹುಡುಗಿಯರು ಎರಡು ಸಲ ಫೈನಲ್ ತಲುಪಿದ್ದರು. ಆ ಪೀಳಿಗೆಯವರು ಬೆಂಗಳೂರಿನ ಚಿತ್ರಾ ಗಂಗಾಧರನ್. ಭಾರತಕ್ಕಾಗಿ ಆಡಿದ ಕನ್ನಡ ನಾಡಿನ ಈ ಹೆಂಗಸಿನ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಅದೇ ಬೆಂಗಳೂರಿನ ಶಾಂತಾ ರಂಗಸ್ವಾಮಿ ಅದೇ ದಶಕದಲ್ಲಿ ಹೆಂಗಸರ ಕ್ರಿಕೆಟ್ ತಂಡದ ನಾಯಕಿಯಾದರು, 1976ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಅವರ ಹೆಸರನ್ನಾದರೂ ಜನ ಕೇಳಿದ್ದಾರೆ. ಫುಟ್‌ಬಾಲಿನ ಹೆಂಗಸರಲ್ಲಿ ಮೊದಲ ಅರ್ಜುನ ಬಂದದ್ದು 1983ರಲ್ಲಿ, ಬಂಗಾಳದ ಶಾಂತಿ ಮಲ್ಲಿಕ್ ಅವರಿಗೆ. ಎರಡನೆಯದು ಮಣಿಪುರದ ಬೆಂಬೆಂ ದೇವಿಗೆ, 2017ರಲ್ಲಿ. ನಡುವೆ 34 ವರ್ಷ. ಆ 34 ವರ್ಷಗಳಲ್ಲಿ ಹೆಂಗಸರ ಆಟದ ಹೊಣೆ ಅಖಿಲ ಭಾರತ ಸಂಸ್ಥೆಯ ಕೈಗೆ ಹೋಯಿತು, ಪಂದ್ಯಗಳು ಕಡಿಮೆಯಾದವು, ಕೊನೆಗೆ 2009ರಲ್ಲಿ ಬಹುಕಾಲ ಒಂದು ಪಂದ್ಯವನ್ನೂ ಆಡಿಲ್ಲವೆಂದು ಫಿಫಾ ತನ್ನ ರ‍್ಯಾಂಕಿಂಗ್ ಪಟ್ಟಿಯಿಂದ ಭಾರತದ ಹೆಂಗಸರ ತಂಡವನ್ನು ಕೈಬಿಟ್ಟಿತು. ಸೋತು ಹೊರಬೀಳುವುದು ಆಟದಲ್ಲಿ ಇದ್ದದ್ದೇ. ಆಡಿಸದೆ ಹೊರಹಾಕಿಸಿಕೊಳ್ಳುವುದು ಬೇರೆ.

ಇದನ್ನೆಲ್ಲ ಓದುತ್ತಿದ್ದ ಹೊತ್ತಿನಲ್ಲಿ ನಮ್ಮ ಕಡೆಯೇ ಎಲ್ಲಾದರೂ ಹುಡುಗಿಯರು ಫುಟ್‌ಬಾಲ್ ಆಡುತ್ತಾರೆಯೇ ಎಂದು ವಿಚಾರಿಸಿದೆವು. ಮೈಸೂರಿಗೆ ಹೋಗಿ ಎಂದರು ಕೆಲವರು. ಹುಣಸೂರಿನ ಗೆಳತಿಯೊಬ್ಬಳು ಮಾತ್ರ, “ಲಾಮಾ ಕ್ಯಾಂಪಿಗೆ ಹೋಗಿ ನೋಡಿ, ಅಲ್ಲಿ ಆಡ್ತಾರೆ” ಎಂದಳು. ಪಿರಿಯಾಪಟ್ಟಣ ತಾಲೂಕಿನ ಬೈಲಕುಪ್ಪೆಯ ಟಿಬೆಟನ್ ಶಿಬಿರಗಳನ್ನು ನಮ್ಮ ಜನ ಕರೆಯುವುದು ಹಾಗೆ. ಚೀನಾ ಆಕ್ರಮಣದಿಂದ ದೇಶ ಬಿಟ್ಟು ಬಂದವರಿಗೆ ಅಂದಿನ ಮೈಸೂರು ರಾಜ್ಯ ಸರಕಾರ 1960ರ ಸುಮಾರಿಗೆ ಮೂರು ಸಾವಿರ ಎಕರೆಯಷ್ಟು ಕಾಡುಭೂಮಿ ಕೊಟ್ಟಿತು. ಅವರು ಅದನ್ನು ಕಡಿದು ಮುಸುಕಿನ ಜೋಳದ ಹೊಲ ಮಾಡಿದರು, ಮಠ ಕಟ್ಟಿದರು, ಶಾಲೆ ಕಟ್ಟಿದರು. ಹುಣಸೂರಿನ ಗುರುಪುರದಲ್ಲೂ ಇನ್ನೊಂದು ನೆಲೆಯಿದೆ. ಪ್ರವಾಸಿಗಳು ಚಿನ್ನದ ದೇವಾಲಯ ನೋಡಿ, ಮೋಮೋ ತಿಂದು ಕುಶಾಲನಗರದ ಕಡೆ ಹೊರಡುತ್ತಾರೆ. ಮೈದಾನದವರೆಗೆ ಯಾರೂ ಬರುವುದಿಲ್ಲ.

ಮಳೆ ಹೊಳವಾದ ಒಂದು ಭಾನುವಾರ ನಾವು ಮೂವರು ಗೆಳತಿಯರು, ಜೊತೆಗೆ ಒಬ್ಬಳ ಎಂಟನೆಯ ತರಗತಿಯ ಮಗಳು, ಬಸ್ಸು ಬದಲಿಸಿ ಬದಲಿಸಿ ಅಲ್ಲಿಗೆ ತಲುಪಿದೆವು. ಶಿಬಿರದ ಮೈದಾನದ ಮೂರು ಕಡೆ ಆಳೆತ್ತರದ ಜೋಳ. ಒಂದು ಕಡೆ ಬಣ್ಣ ಮಾಸಿದ ಪ್ರಾರ್ಥನಾ ಪತಾಕೆಗಳು. ಗೋಲುಕಂಬ ಕಬ್ಬಿಣದ್ದು, ಬಲೆ ಮೀನುಗಾರರ ಬಲೆಯ ಹಾಗೆ ಅಲ್ಲಲ್ಲಿ ಗಂಟು ಹಾಕಿದ್ದು. ಒಂಬತ್ತೊಂಬತ್ತು ಹುಡುಗಿಯರ ಎರಡು ತಂಡ. ಒಂದು ಕಡೆಯವರು ಕೆಂಪು ಬನಿಯನ್ನು, ಇನ್ನೊಂದು ಕಡೆಯವರು ಸಿಕ್ಕಿದ್ದನ್ನು ತೊಟ್ಟು ಮೇಲೆ ಹಳದಿ ಪಟ್ಟಿ ಕಟ್ಟಿಕೊಂಡವರು. ಕೆಲವರು ಶಾಲೆ ಕಲಿಯುವವರು, ಇಬ್ಬರು ಮೂವರು ಬೆಂಗಳೂರಿನಲ್ಲಿ ಕೆಲಸಕ್ಕಿದ್ದು ರಜೆಗೆ ಬಂದವರು. ಬಹುಮಾನವಿಲ್ಲ, ಬ್ಯಾನರಿಲ್ಲ. ನೋಡುವವರು ನಲವತ್ತು ಐವತ್ತು ಜನ: ಜಪಮಣಿ ಎಣಿಸುವ ಅಜ್ಜಿಯರು, ಛೂಪಾ ಉಟ್ಟ ತಾಯಂದಿರು, ಕಂದು ನಿಲುವಂಗಿ ಮೊಣಕಾಲಿನವರೆಗೆ ಎತ್ತಿ ಕೂತ ನಾಲ್ಕಾರು ಮರಿ ಸನ್ಯಾಸಿಗಳು.

ಆಟ ಚಂದವಿತ್ತು ಎಂದು ಸುಮ್ಮನೆ ಹೊಗಳುವುದಿಲ್ಲ. ಮೊದಲ ಹದಿನೈದು ನಿಮಿಷ ಚೆಂಡು ಹೋದಲ್ಲಿಗೆ ಹದಿನಾರೂ ಜನ ಓಡಿದರು. ಎರಡು ಸಲ ಚೆಂಡು ಜೋಳದೊಳಗೆ ಹೋಗಿ, ಹುಡುಕಲು ಹೋದವಳೂ ಕಾಣೆಯಾಗಿ, ಎಲ್ಲರೂ ಹೆಸರು ಕೂಗಬೇಕಾಯಿತು. ಆದರೆ ಕೆಂಪು ತಂಡದಲ್ಲಿ ಎರಡು ಜಡೆಯ ಒಬ್ಬಳಿದ್ದಳು. ಅವಳಿಗೆ ಅವಸರವೇ ಇಲ್ಲ. ಚೆಂಡು ಕಾಲಿಗೆ ಬಂದ ಕೂಡಲೇ ಒಂದು ಗಳಿಗೆ ನಿಂತು, ತಲೆ ಎತ್ತಿ ನೋಡಿ, ಆಮೇಲೆ ಕೊಡುವಳು. ಅವಳು ತಲೆ ಎತ್ತಿದಾಗಲೆಲ್ಲ ಆಟ ಬಿಚ್ಚಿಕೊಳ್ಳುತ್ತಿತ್ತು. ಅರ್ಧ ಸಮಯಕ್ಕೆ ಮೊದಲು ಅವಳು ಕೊಟ್ಟ ಚೆಂಡಿಗೆ ಇನ್ನೊಬ್ಬಳು ಬೂಟಿನ ತುದಿ ತಾಗಿಸಿದಳು. ಗೋಲಿನವಳು ಕೆಸರಿನಲ್ಲಿ ಜಾರಿ ಬಿದ್ದಳು, ಚೆಂಡು ನಿಧಾನವಾಗಿ ಉರುಳಿ ಗೆರೆ ದಾಟಿತು. ನಮ್ಮ ಪಕ್ಕದ ಅಜ್ಜಿ ಮಣಿ ಎಣಿಸುವುದು ನಿಲ್ಲಿಸಿ ತೊಡೆ ತಟ್ಟಿಕೊಂಡಳು.

ನಾವು ಗಮನಿಸಿದ ಇನ್ನೊಂದು ಸಂಗತಿ ಮೈದಾನದ ಅಂಚಿನಲ್ಲಿತ್ತು. ಎರಡನೆಯ ಅರ್ಧ ಆರಂಭವಾಗುವ ಹೊತ್ತಿಗೆ ಹುಡುಗರ ಗುಂಪೊಂದು ತಮ್ಮ ಚೆಂಡಿನೊಂದಿಗೆ ಬಂದು ನಿಂತಿತು. ಗಡಿಯಾರ ನೋಡಿಕೊಂಡರು, ಗೋಲಿನ ಹಿಂದೆ ಚೆಂಡು ಒದೆಯಲು ಶುರುಮಾಡಿದರು. ನಮಗೆ ಚಹಾ ತಂದುಕೊಟ್ಟ ತಾಯಿಯೊಬ್ಬರು ಎದ್ದು ಹೋಗಿ ಅವರ ಭಾಷೆಯಲ್ಲಿ ಎರಡೇ ಮಾತು ಹೇಳಿದರು. ಹುಡುಗರು ಚೆಂಡು ಕಂಕುಳಲ್ಲಿಟ್ಟು ಕೂತರು. ಏನು ಹೇಳಿದಿರಿ ಎಂದು ಕೇಳಿದ್ದಕ್ಕೆ ಆಕೆ ನಕ್ಕು ಒಳ್ಳೆಯ ಕನ್ನಡದಲ್ಲಿ, “ಐದು ಗಂಟೆವರೆಗೆ ಇವರದು ಅಂತ ಹೇಳಿದೆ ಅಕ್ಕಾ. ಮೊದಲು ಹೀಗೆ ಇರಲಿಲ್ಲ. ಹುಡುಗರು ಬಂದ್ರೆ ಇವರು ಎದ್ದು ಹೋಗಬೇಕಿತ್ತು” ಎಂದರು. 1921ರ ಠರಾವಿಗೆ ಇದಕ್ಕಿಂತ ಚಿಕ್ಕ ಉತ್ತರವನ್ನು ನಾವು ಎಲ್ಲೂ ಓದಿಲ್ಲ.

ಟಿಬೆಟನ್ನರಿಗೆ ಫುಟ್‌ಬಾಲ್ ಎಂದರೆ ಜೀವ. ದಲೈಲಾಮಾ ಅವರ ತಾಯಿಯ ನೆನಪಿನಲ್ಲಿ 1981ರಲ್ಲಿ ಶುರುವಾದ ಚಿನ್ನದ ಕಪ್ಪಿನ ಟೂರ್ನಿಗೆ ದೇಶದ ನಾನಾ ಶಿಬಿರಗಳ ತಂಡಗಳು ಬರುತ್ತವೆ. ಬೈಲಕುಪ್ಪೆಯಲ್ಲೂ ಅದು ನಡೆದಿದೆ. ತಾಯಿಯ ಹೆಸರಿನ ಆ ಕಪ್ಪಿಗೆ ಆಡುತ್ತಾ ಬಂದವರು ಗಂಡುಮಕ್ಕಳು. ಹುಡುಗಿಯರಿಗೆ ವ್ಯವಸ್ಥಿತ ತರಬೇತಿ ಮೊದಲಾದದ್ದು 2010ರ ನಂತರ, ಕ್ಯಾಸಿ ಚಿಲ್ಡರ್ಸ್ ಎಂಬ ಅಮೆರಿಕದ ಶಿಕ್ಷಕಿಯೊಬ್ಬಳ ಹಟದಿಂದ. 2015ರಲ್ಲಿ ಅವರ ತಂಡ ಬರ್ಲಿನ್ನಿಗೆ ಹೋಗಿ ಆಡಿ ಬಂತು. 2017ರಲ್ಲಿ ಅಮೆರಿಕದ ಡಲ್ಲಾಸಿನ ಟೂರ್ನಿಗೆ ಆಹ್ವಾನ ಬಂದಾಗ ದೆಹಲಿಯ ರಾಯಭಾರ ಕಚೇರಿ ಹುಡುಗಿಯರಿಗೆ ವೀಸಾ ನಿರಾಕರಿಸಿತು. ಹೆಚ್ಚಿನವರ ಕೈಯಲ್ಲಿದ್ದದ್ದು ಪಾಸ್‌ಪೋರ್ಟ್ ಅಲ್ಲ, ಭಾರತ ಸರಕಾರ ನಿರಾಶ್ರಿತರಿಗೆ ಕೊಡುವ ಗುರುತಿನ ಕಾಗದ. ಟಿಬೆಟ್ ಫಿಫಾದ ಸದಸ್ಯ ದೇಶವೂ ಅಲ್ಲ. ಅಫಘಾನಿಸ್ತಾನದ ಹುಡುಗಿಯರಿಗೆ ಇಂಥದೇ ಗತಿ ಬಂತು. 2021ರಲ್ಲಿ ತಾಲಿಬಾನ್ ಮರಳಿದಾಗ ದೇಶ ಬಿಟ್ಟು ಓಡಿದ ಆ ಆಟಗಾರ್ತಿಯರು ನಾಲ್ಕು ವರ್ಷ ಅರ್ಜಿ ಹಿಡಿದು ಅಲೆದ ಮೇಲೆ ಫಿಫಾ ಅವರದೊಂದು ನಿರಾಶ್ರಿತ ತಂಡಕ್ಕೆ ಮನ್ನಣೆ ಕೊಟ್ಟಿತು. 2025ರ ಅಕ್ಟೋಬರಿನಲ್ಲಿ ಅವರು ಮೊರಾಕ್ಕೋದಲ್ಲಿ ಆಡಿದರು. ಮನೆಯಿಲ್ಲದವರಿಗೆ ಮೈದಾನ ಕೊಡುವುದು ಸಾಧ್ಯವಿದೆ ಎಂದಾಯಿತು. ಮನಸ್ಸು ಮಾಡಬೇಕು.

ಬೈಲಕುಪ್ಪೆಯಲ್ಲಿ ಪಂದ್ಯ ಮುಗಿದ ಮೇಲೆ ಗೆಳತಿಯ ಮಗಳನ್ನು ಆ ಹುಡುಗಿಯರು ಕರೆದರು. ಮೊದಲು ನಾಚಿದಳು, ಆಮೇಲೆ ಚಪ್ಪಲಿ ಬಿಟ್ಟು ಹೋಗಿ ಹತ್ತು ಹನ್ನೆರಡು ಸಲ ಒದ್ದು ಬಂದಳು. ದುಪಟ್ಟಾ ಒಂದು ಕೈಯಲ್ಲಿ ಹಿಡಿದೇ ಒದೆಯುತ್ತಿದ್ದಳು. ಬಸ್ಸಿನಲ್ಲಿ ಕೂತ ಮೇಲೆ ಬಹಳ ಹೊತ್ತಿನ ನಂತರ ಕೇಳಿದಳು: “ಖಾಲಾ, ಸ್ಕಾರ್ಫ್ ಕಟ್ಟಿಕೊಂಡರೆ ದೊಡ್ಡ ಮ್ಯಾಚಿನಲ್ಲಿ ಆಡೋಕೆ ಬಿಡ್ತಾರಾ?”

ಈ ಪ್ರಶ್ನೆಗೂ ಒಂದು ಚರಿತ್ರೆಯಿದೆ. 2007ರಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಹನ್ನೊಂದು ವರ್ಷದ ಬಾಲಕಿಯೊಬ್ಬಳನ್ನು ತಲೆಗೆ ಬಟ್ಟೆ ಕಟ್ಟಿದ್ದಕ್ಕೆ ಪಂದ್ಯದಿಂದ ಹೊರಗೆ ಕಳಿಸಿದರು. ಆಟದ ನಿಯಮ ಮಾಡುವ ಅಂತರರಾಷ್ಟ್ರೀಯ ಮಂಡಳಿ ಆ ತೀರ್ಪನ್ನು ಎತ್ತಿಹಿಡಿಯಿತು. 2011ರ ಜೂನಿನಲ್ಲಿ ಜೋರ್ಡಾನಿನ ಅಮ್ಮಾನ್ ನಗರದಲ್ಲಿ ಲಂಡನ್ ಒಲಿಂಪಿಕ್ಸಿನ ಅರ್ಹತಾ ಪಂದ್ಯ. ಇರಾನಿನ ಹೆಂಗಸರು ಮೈದಾನಕ್ಕೆ ಬಂದು ರಾಷ್ಟ್ರಗೀತೆಗೆ ನಿಂತಾಗಿತ್ತು. ತಲೆಗೆ ಕಟ್ಟಿದ ಬಟ್ಟೆ ನಿಯಮಕ್ಕೆ ವಿರುದ್ಧವೆಂದು ಆಡಲು ಬಿಡಲಿಲ್ಲ. ಅವರು ಅಲ್ಲೇ ಕುಸಿದು ಅತ್ತ ಚಿತ್ರವನ್ನು ಪತ್ರಿಕೆಗಳಲ್ಲಿ ನೋಡಿದ ನೆನಪು ಹಲವರಿಗೆ ಇರಬಹುದು. ಕುತ್ತಿಗೆಗೆ ಅಪಾಯ ಎಂಬುದು ಕೊಟ್ಟ ಕಾರಣ. ಜೋರ್ಡಾನಿನ ರಾಜಕುಮಾರ ಅಲಿ ಬಿನ್ ಅಲ್ ಹುಸೇನ್ ಇದರ ವಿರುದ್ಧ ಫಿಫಾದೊಳಗೇ ವಾದ ಹೂಡಿದರು. ಎಳೆದರೆ ಕಳಚಿಕೊಳ್ಳುವ ವಿನ್ಯಾಸದ ಬಟ್ಟೆಗಳು ಬಂದವು. 2012ರಲ್ಲಿ ಪ್ರಯೋಗಕ್ಕೆಂದು ಒಪ್ಪಿಗೆ, 2014ರ ಮಾರ್ಚಿನಲ್ಲಿ ಪೂರ್ಣ ಒಪ್ಪಿಗೆ. ಸಿಖ್ಖರ ಪೇಟಕ್ಕೂ ಅದೇ ನಿಯಮ ದಾರಿ ಮಾಡಿಕೊಟ್ಟಿತು. 2023ರ ವಿಶ್ವಕಪ್ಪಿನಲ್ಲಿ ಮೊರಾಕ್ಕೋದ ನುಹೈಲಾ ಬೆನ್ಝಿನಾ ತಲೆವಸ್ತ್ರ ಧರಿಸಿ ಆಡಿದ ಮೊದಲ ಆಟಗಾರ್ತಿಯಾದರು. ಆ ದಿನ ಅವರ ತಂಡ ದಕ್ಷಿಣ ಕೊರಿಯಾವನ್ನು 1-0ಯಿಂದ ಸೋಲಿಸಿತು.

ಈ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನೂ ಹೇಳಿಬಿಡುತ್ತೇವೆ. ತಲೆಯ ಮೇಲೆ ಬಟ್ಟೆ ಇರಲೇಬೇಕೆಂದು ಬಡಿಗೆ ಹಿಡಿಯುವವರೂ, ಬಟ್ಟೆ ತೆಗೆದರೆ ಮಾತ್ರ ಒಳಗೆ ಬಾ ಎನ್ನುವವರೂ ಮೈದಾನದ ಗೇಟಿನಲ್ಲಿ ನಿಂತು ಮಾಡುವ ಕೆಲಸ ಒಂದೇ. ಇರಾನಿನಲ್ಲಿ ಬಹುಕಾಲ ಹೆಂಗಸರು ಗಂಡಸರ ಪಂದ್ಯ ನೋಡಲು ಸ್ಟೇಡಿಯಮ್ಮಿಗೆ ಹೋಗುವಂತಿರಲಿಲ್ಲ ಎಂಬುದನ್ನು ಮರೆತು ಅಮ್ಮಾನಿನ ಅನ್ಯಾಯವನ್ನಷ್ಟೇ ಹೇಳಿದರೆ ಅರ್ಧ ಸತ್ಯವಾದೀತು. ಹೆಣ್ಣುಮಕ್ಕಳ ಓಟವೇ ತಪ್ಪು ಎನ್ನುವ ನಮ್ಮ ಮೊಹಲ್ಲಾದ ಕೆಲವು ಹಿರಿಯರಿಗೆ ಪ್ರವಾದಿಯವರು ಹಜ್ರತ್ ಆಯಿಷಾರೊಡನೆ ಓಟದ ಪಂದ್ಯ ಕಟ್ಟಿದ್ದು, ಒಮ್ಮೆ ಆಯಿಷಾ ಗೆದ್ದದ್ದು ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೂ ನೆನಪಿಗೆ ಬರುವುದಿಲ್ಲ.

ಅದಿರಲಿ. 2022ರ ಜನವರಿ 20ರಂದು ನವಿ ಮುಂಬೈಯಲ್ಲಿ ಏಷ್ಯಾಕಪ್ಪಿನ ಪಂದ್ಯದಲ್ಲಿ ತಲೆವಸ್ತ್ರದ ಇರಾನ್ ತಂಡ ಮತ್ತು ನಮ್ಮ ಭಾರತ ತಂಡ ಎದುರುಬದುರಾದವು. ಗೋಲಿಲ್ಲದೆ ಸಮವಾಯಿತು. ಬೆನ್ನಿಗೇ ಕೋವಿಡ್ ತಗುಲಿ ಭಾರತ ತಂಡ ಟೂರ್ನಿಯನ್ನೇ ಬಿಡಬೇಕಾಯಿತು. ಅದೇ ತಂಡ 2025ರ ಜುಲೈ 5ರಂದು ಥಾಯ್ಲೆಂಡನ್ನು ಅದರ ನೆಲದಲ್ಲೇ 2-1ರಿಂದ ಸೋಲಿಸಿ 2026ರ ಏಷ್ಯಾಕಪ್ಪಿಗೆ ಅರ್ಹತೆ ಪಡೆಯಿತು. 1983ರಲ್ಲಿ ಫೈನಲಿನಲ್ಲಿ ಸೋತದ್ದು ಇದೇ ಥಾಯ್ಲೆಂಡಿಗೆ, ಅದೇ ದೇಶದಲ್ಲಿ.

ಬೆಂಗಳೂರಿನಲ್ಲೂ ಗಾಳಿ ಬದಲಾಗಿದೆ. ಹೆಂಗಸರಿಗಾಗಿ ರಾಜ್ಯ ಲೀಗ್ ನಡೆಯುತ್ತದೆ. ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡ 2023ರ ಮೇ ತಿಂಗಳಿನಲ್ಲಿ ಭಾರತೀಯ ಹೆಂಗಸರ ಲೀಗಿನ ಫೈನಲ್ ತಲುಪಿ ಕೇರಳದ ಗೋಕುಲಂ ಎದುರು ಸೋತಿತು. 2017ರಲ್ಲಿ ಸ್ವೇತಾ ಸುಬ್ಬಯ್ಯ ಮತ್ತು ತಾನ್ವಿ ಹನ್ಸ್ ಶುರುಮಾಡಿದ ‘ಸಿಸ್ಟರ್ಸ್ ಇನ್ ಸ್ವೆಟ್’ ಎಂಬ ಕೂಟ ಇನ್ನೂ ಸ್ವಾರಸ್ಯದ್ದು. ಅಲ್ಲಿಗೆ ಬರುವವರು ಕಪ್ಪು ಗೆಲ್ಲುವ ಆಸೆಯವರಲ್ಲ. ಕಚೇರಿ ಕೆಲಸದವರು, ಮಕ್ಕಳ ತಾಯಂದಿರು, ಜೀವಮಾನದಲ್ಲಿ ಚೆಂಡು ಒದೆಯದವರು. ಗಂಟೆಗೆ ಇಷ್ಟೆಂದು ಬಾಡಿಗೆ ಕೊಟ್ಟು ಕೃತಕ ಹುಲ್ಲಿನ ಅಂಗಳ ಹಿಡಿದು ಆಡುತ್ತಾರೆ. ದುಡ್ಡಿದ್ದರೆ ಬೀಗ ತೆರೆಯುತ್ತದೆ ಎಂದು ಕೊಂಕು ನುಡಿಯಬಹುದು. ನುಡಿಯುವುದೂ ಸರಿಯೇ. ಆದರೂ ನಲವತ್ತು ದಾಟಿದ ಹೆಂಗಸು ಬರಿಯ ಸಂತೋಷಕ್ಕಾಗಿ ಬೆವರುವುದನ್ನು ನಮ್ಮ ಸಮಾಜ ಈ ಮೊದಲು ಎಷ್ಟು ಸಲ ನೋಡಿತ್ತು?

ನಮ್ಮಂಥವರಿಗೆ ಹತ್ತಿರದ ಉದಾಹರಣೆ ಬೆಂಗಳೂರಿಗಿಂತ ಕಲ್ಲಿಕೋಟೆ. ಹ್ಯಾಂಡ್‌ಪೋಸ್ಟಿನಿಂದ ಮಾನಂದವಾಡಿಯ ಬಸ್ಸು ಹಿಡಿದು ಘಟ್ಟ ಇಳಿದರೆ ಸಿಗುವ ಊರು. ಅಲ್ಲಿನ ನಡಕ್ಕಾವು ಸರಕಾರಿ ಹೆಣ್ಣುಮಕ್ಕಳ ಶಾಲೆಯಲ್ಲಿ ಫೌಸಿಯಾ ಮಾಂಬಟ್ಟಾ ಎಂಬ ತರಬೇತುದಾರರಿದ್ದರು. ಗೋಲ್‌ಕೀಪರ್ ಆಗಿ ಕೇರಳಕ್ಕೆ ಆಡಿದವರು. ಮುಸ್ಲಿಂ ಮನೆಯ ಹೆಣ್ಣುಮಗಳು ಚಡ್ಡಿ ತೊಟ್ಟು ಆಡುವುದೇ ಎಂದು ಊರು ಹುಬ್ಬೇರಿಸುತ್ತಿದ್ದ ಕಾಲದಲ್ಲಿ ಆಡಿದವರು, ಆಮೇಲೆ ಇನ್ನೊಬ್ಬರ ಮಕ್ಕಳನ್ನು ಆಡಿಸಿದವರು. ಅವರ ಕೈಯಲ್ಲಿ ಪಳಗಿದ ಹುಡುಗಿಯರು ಕೇರಳದ ತಂಡಕ್ಕೂ ಭಾರತದ ತಂಡಕ್ಕೂ ಹೋದರು. ಆ ಸರಕಾರಿ ಶಾಲೆಗೆ ಮುಂದೆ ಕೃತಕ ಹುಲ್ಲಿನ ಒಳ್ಳೆಯ ಮೈದಾನವೂ ಬಂತು. ಫೌಸಿಯಾ 2021ರ ಫೆಬ್ರವರಿಯಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು.

ಬಸ್ಸಿನಲ್ಲಿ ಪ್ರಶ್ನೆ ಕೇಳಿದ ಹುಡುಗಿಗೆ, ಬಿಡ್ತಾರೆ ಮಗಳೇ, ಈಗ ನಿಯಮವೇ ಇದೆ ಎಂದು ಹೇಳಿದ್ದೆವು. ಅವಳ ಮುಂದಿನ ಪ್ರಶ್ನೆ ನಿಯಮದ್ದಾಗಿರಲಿಲ್ಲ. ನಮ್ಮ ಊರಿನ ಮೈದಾನದಲ್ಲಿ ಸಂಜೆ ನಾಲ್ಕೂವರೆಯಿಂದ ಕತ್ತಲಾಗುವವರೆಗೆ ಹುಡುಗರ ಕ್ರಿಕೆಟ್. ಭಾನುವಾರ ಇಡೀ ದಿನ ಟೆನಿಸ್ ಬಾಲ್ ಟೂರ್ನಿ. ಬೆಳಗ್ಗೆ ಆರೂವರೆಯಿಂದ ಎಂಟರವರೆಗೆ ಮಾತ್ರ ಅಲ್ಲಿ ಎಮ್ಮೆ ಬಿಟ್ಟರೆ ಯಾರೂ ಇರುವುದಿಲ್ಲ ಎಂಬುದನ್ನು ಅವಳೇ ನೋಡಿಟ್ಟುಕೊಂಡಿದ್ದಳು. ನೋಟ್‌ಬುಕ್ಕಿನ ಹಾಳೆಯಲ್ಲಿ ಒಂಬತ್ತು ಹೆಸರು ಬರೆದುಕೊಂಡು ಮರುವಾರ ನಮ್ಮ ಮನೆಗೆ ಬಂದಳು. ನಾಲ್ವರು ನಮ್ಮ ಮೊಹಲ್ಲಾದವರು, ಮೂವರು ನಾಯಕರ ಕೇರಿಯವರು, ಇಬ್ಬರು ಹಾಡಿಯಿಂದ ಬಂದು ಹಾಸ್ಟೆಲಿನಲ್ಲಿರುವವರು. ಐದು ಹೆಸರಿನ ಮುಂದೆ ಮನೆಯವರ ಸಹಿಯಾಗಿದೆ. ಉಳಿದ ನಾಲ್ಕು ಮನೆಗಳಿಗೆ ಹೋಗಿ ಮಾತಾಡಲು ದೊಡ್ಡವರು ಯಾರಾದರೂ ಬೇಕಂತೆ.